ಸ್ಪಷ್ಟ ಬೇಕಾ, ನೆಟ್ಟಗೆ ಬೇಕಾ

ಮೂರು ವಾರದ ಹಿಂದೆ ತಂಗಿ ಫೋನ್ ಮಾಡಿದ್ಲು. ಅವಳ ಮಗಳಿಗೆ ಈಗ ಮೂರು ವರ್ಷ ನಾಲ್ಕು ತಿಂಗಳು. ಚಿತ್ರದ ಪುಸ್ತಕ ನೋಡುವಾಗ ಎಡಗಣ್ಣು ಮೂಗಿನ ಕಡೆ ಸರಿಯೋದು, ಮೊದಮೊದಲು ಆಟಕ್ಕೆ ಮಾಡ್ತಿದಾಳೆ ಅಂದ್ಕೊಂಡಿದ್ರಂತೆ, ಆಮೇಲೆ ಸುಸ್ತಾದಾಗೆಲ್ಲ ಆಗೋಕೆ ಶುರುವಾಯ್ತು, ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ಎರಡೂ ಕಣ್ಣಿಗೆ ಪ್ಲಸ್ 5ರ ಹತ್ರ ಪವರ್ ಇದೆ, ಎದ್ದಾಗಿಂದ ಮಲಗೋವರೆಗೂ ಕನ್ನಡಕ ಹಾಕಿರ್ಬೇಕು ಅಂದ್ರಂತೆ. ಹೇಳ್ತಾ ಹೇಳ್ತಾ ಅವಳ ದನಿ ಸಣ್ಣಗಾಯ್ತು. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ಲು, "ಅಕ್ಕಾ, ದೊಡ್ಡೋಳಾದ್ಮೇಲೆ ನಿನ್ ಥರಾನೇ ಲೇಸರ್ ಮಾಡಿಸ್ಬಿಟ್ರೆ ಸರಿಹೋಗತ್ತಲ್ವಾ?" ನಾನು, ಹೂಂ ಕಣೇ, ಯೋಚ್ನೆ ಮಾಡ್ಬೇಡ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಆ ಹೂಂ ಅನ್ನೋದು ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನ ಹಾಗೆ ಓಡಾಡಿದಾಗೆಲ್ಲ ನೆನಪಾಗ್ತಿದೆ. ಹೇಳಿದ್ದು ಸುಳ್ಳಲ್ಲ, ಆದ್ರೆ ಪೂರ್ತಿ ನಿಜಾನೂ ಅಲ್ಲ.

ನಮ್ಮ ಮನೆಯವರ ಲೆಕ್ಕದಲ್ಲಿ ನಾನು ಲೇಸರ್ ಮಾಡಿಸಿ ಮೆಳ್ಳೆಗಣ್ಣು ಸರಿ ಮಾಡ್ಕೊಂಡೋಳು. ಒಂಬತ್ತು ವರ್ಷದಿಂದ ಹಾಗೇ ಹೇಳ್ಕೊಂಡು ಬಂದಿದಾರೆ, ನಾನೂ ತಿದ್ದೋಕೆ ಹೋಗಿಲ್ಲ. ತಿದ್ದೋಕೆ ಹೋದ್ರೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಕೇಳಿದೋರು ಎದ್ದು ಹೋಗಿರ್ತಾರೆ. ಇಲ್ಲಿ ಯಾರೂ ಎದ್ದು ಹೋಗೋದು ನಂಗೆ ಕಾಣಲ್ಲವಾದ್ರಿಂದ ಬರೀತಿದೀನಿ.

ಅಮ್ಮ ಹೇಳ್ತಿದ್ದ "ನೆಟ್ಟಗೆ ನೋಡು"

ನನಗೆ ನಾಲ್ಕು ವರ್ಷಕ್ಕೆ ಕನ್ನಡಕ ಬಂತು. ಹಾಕಿದ್ರೆ ಕಣ್ಣು ನೆಟ್ಟಗೆ, ತೆಗೆದ್ರೆ ಎಡಗಣ್ಣು ಸೀದಾ ಮೂಗಿನ ಹತ್ರ. ಸ್ನಾನ ಮಾಡಿ ಬಂದಾಗ, ನಿದ್ದೆಯಿಂದ ಎದ್ದಾಗ, ಮುಖ ಒರೆಸ್ಕೊಳ್ಳುವಾಗ ಅಮ್ಮ ನೋಡಿಬಿಟ್ರೆ "ನೆಟ್ಟಗೆ ನೋಡು ಪುಟ್ಟಾ" ಅನ್ನೋರು. ಬೈಗುಳ ಅಲ್ಲ, ಬೆನ್ನು ಬಗ್ಗಿಸಿ ಕೂತ್ರೆ ನೆಟ್ಟಗೆ ಕೂತ್ಕೋ ಅಂತಾರಲ್ಲ, ಅದೇ ದನಿ. ಅವರ ಮನಸ್ಸಲ್ಲಿ ಅದು ಒಂದು ಅಭ್ಯಾಸ, ಮನಸ್ಸು ಮಾಡಿದ್ರೆ ಬಿಡಬಹುದು. ತಮಾಷೆ ಏನಂದ್ರೆ, ಅವರು ಹೇಳಿದ್ದು ಪೂರ್ತಿ ತಪ್ಪೇನೂ ಆಗಿರ್ಲಿಲ್ಲ.

ಸುಮಾರು ಹತ್ತು ವರ್ಷದವಳಿದ್ದಾಗ ನಾನೂ ತಂಗೀನೂ ಒಂದು ಆಟ ಕಂಡುಹಿಡಿದ್ವಿ. ನಾನು ಕನ್ನಡಕ ತೆಗೆದು ಮಂಚದ ಮೇಲೆ ಕೂತ್ಕೊಳ್ಳೋದು, ಅವಳು ಎದುರು ಕೂತು "ಈಗ ಇಲ್ಲ… ಈಗ ಇಲ್ಲ… ಹಾಂ ಈಗ ನೆಟ್ಟಗಿದೆ… ಹೋಯ್ತು" ಅಂತ ಕಾಮೆಂಟರಿ ಹೇಳೋದು. ಅದರಿಂದ ಒಂದು ವಿಷಯ ಗೊತ್ತಾಯ್ತು. ಅವಳ ಮುಖ ಸ್ಪಷ್ಟವಾಗಿ ನೋಡ್ಬೇಕು ಅಂತ ಕಣ್ಣು ಬಿಗಿ ಮಾಡಿದ್ರೆ ಎಡಗಣ್ಣು ಒಳಗೆ ಓಡತ್ತೆ. ಕಣ್ಣನ್ನ ಸುಮ್ನೆ ಬಿಟ್ಟುಬಿಟ್ರೆ, ಏನೂ ನೋಡ್ಬಾರ್ದು ಅನ್ನೋ ಹಾಗೆ ಸಡಿಲ ಬಿಟ್ರೆ, ಅವಳ ಮುಖ ನೀರಲ್ಲಿ ಕಲಸಿದ ಹಾಗೆ ಮಸುಕಾಗತ್ತೆ, ಆಗ ಅವಳು "ನೆಟ್ಟಗಿದೆ!" ಅಂತ ಕೂಗ್ತಾಳೆ. ಅಂದ್ರೆ ಎರಡರಲ್ಲಿ ಒಂದು ಆರಿಸ್ಕೋಬೇಕು. ಸ್ಪಷ್ಟ ಬೇಕಾ, ನೆಟ್ಟಗೆ ಬೇಕಾ.

ಇದರ ಇನ್ನೊಂದು ತುದಿ ನನಗೆ ಹೊಳೆದಿದ್ದು ಎಷ್ಟೋ ವರ್ಷ ಆದ್ಮೇಲೆ. ಕನ್ನಡಕ ಇಲ್ಲದೆ ನನ್ನ ಕಣ್ಣು ನೆಟ್ಟಗಿರೋದನ್ನ ನಾನು ಕನ್ನಡೀಲಿ ನೋಡೇ ಇರ್ಲಿಲ್ಲ. ನೋಡೋಕೆ ಸಾಧ್ಯಾನೇ ಇರ್ಲಿಲ್ಲ. ನೋಡ್ಬೇಕು ಅಂದ ತಕ್ಷಣ ಅದು ಓರೆ ಆಗ್ತಿತ್ತು. ನನ್ನ ಆ ಮುಖ ಗೊತ್ತಿದ್ದಿದ್ದು ತಂಗಿಗೆ, ಮತ್ತೆ ಒಂದೇ ಒಂದು ಫೋಟೋಗೆ.

ಆ ಫೋಟೋ ಏಳನೇ ಕ್ಲಾಸಿಂದು. ಶಾಲೇಲಿ ಫೋಟೋ ತೆಗೆಯೋಕೆ ಬಂದಿದ್ದವರು ಕನ್ನಡಕದ ಮೇಲೆ ಬೆಳಕು ಹೊಡೀತಿದೆ, ಗ್ಲಾಸ್ ತೆಗಿಯಮ್ಮ ಮುಂದಿನ ಸಾಲಿನ ಹುಡುಗಿ ಅಂದ್ರು. ಇಡೀ ಕ್ಲಾಸು ತಿರುಗಿ ನೋಡ್ತು. ತೆಗೆದು ಮಡಿಲಲ್ಲಿ ಇಟ್ಕೊಂಡೆ. ತಂಗಿ ಜೊತೆ ಮಾಡಿದ ಅಭ್ಯಾಸ ನೆನಪಿಸ್ಕೊಂಡು ಕಣ್ಣು ಸಡಿಲ ಬಿಟ್ಟೆ. ಎದುರಿಗೆ ಬಿಳಿ ಗೋಡೆ, ಅದರ ಮುಂದೆ ಕಪ್ಪಗೆ ಏನೋ ಒಂದು ಉದ್ದಕ್ಕೆ ನಿಂತಿದೆ, ಅದು ಸ್ಟ್ಯಾಂಡೋ ಮನುಷ್ಯನೋ ಗೊತ್ತಿಲ್ಲ, ಅದರ ಕಡೆ ಮುಖ ಮಾಡಿ ನಕ್ಕೆ. "ರೆಡಿ" ಅಂದಿದ್ದು ಕೇಳಿಸ್ತು, ಎಷ್ಟು ಹೊತ್ತು ಹಾಗೇ ಹಿಡಿದಿರ್ಬೇಕು ಅನ್ನೋದು ಗೊತ್ತಾಗ್ಲಿಲ್ಲ, ಫ್ಲ್ಯಾಶ್ ಹೊಡೆದ ಮೇಲೂ ಹಿಡಿದಿದ್ದೆ. ಫೋಟೋ ಬಂದಾಗ ಎಲ್ಲರೂ ಚೆನ್ನಾಗಿ ಬಂದಿದೀಯ ಅಂದ್ರು. ಬಂದಿದ್ದೆ ನಿಜ. ಆದ್ರೆ ಆ ಹುಡುಗಿ ಯಾರನ್ನೂ ನೋಡ್ತಿಲ್ಲ. ಇವತ್ತಿಗೂ ಆ ಫೋಟೋ ನೋಡಿದ್ರೆ ನಂಗೆ ಬೇರೆ ಯಾರದ್ದೋ ಮುಖದ ಹಾಗೆ ಕಾಣತ್ತೆ.

ಒಂದು ಆರ್ಡರ್, ಎರಡು ಕೆಲಸ

ಇದಕ್ಕೆ ಡಾಕ್ಟರುಗಳ ಭಾಷೇಲಿ ಅಕಾಮಡೇಟಿವ್ ಈಸೋಟ್ರೋಪಿಯಾ ಅಂತಾರೆ. ಹೆಸರು ಭಯಂಕರವಾಗಿದೆ, ವಿಷಯ ಅಷ್ಟಿಲ್ಲ. ಪ್ಲಸ್ ಪವರ್ ಇರೋ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಗಿಡ್ಡ, ಹಾಗಾಗಿ ಬೆಳಕು ಕಣ್ಣಿನ ಒಳಗೆ ಹಿಂಭಾಗದಲ್ಲಿರೋ ಪರದೆಯ ಹಿಂದೆ ಎಲ್ಲೋ ಕೂಡ್ಕೊಳ್ಳೋಕೆ ಹೋಗತ್ತೆ. ಚಿಕ್ಕ ಮಕ್ಕಳ ಕಣ್ಣೊಳಗಿನ ಲೆನ್ಸ್ ಮೆತ್ತಗಿರೋದ್ರಿಂದ ಅದನ್ನ ಉಬ್ಬಿಸಿ ಫೋಕಸ್ ಮುಂದಕ್ಕೆ ಎಳ್ಕೊಳ್ಳೋಕೆ ಆಗತ್ತೆ. ಹತ್ತಿರದ್ದು ಓದೋವಾಗ ಎಲ್ಲರೂ ಮಾಡೋದು ಇದನ್ನೇ, ಪ್ಲಸ್ ಕಣ್ಣಿನೋರು ದೂರದ್ದು ನೋಡುವಾಗ್ಲೂ ಮಾಡ್ಬೇಕು ಅಷ್ಟೇ. ತೊಂದರೆ ಏನಂದ್ರೆ ಮೆದುಳು ಫೋಕಸ್ ಮಾಡು ಅಂತ ಆರ್ಡರ್ ಕೊಟ್ಟಾಗ ಅದರ ಜೊತೆಗೇ ಎರಡೂ ಕಣ್ಣು ಒಳಗೆ ತಿರುಗಿಸು ಅಂತಾನೂ ಆರ್ಡರ್ ಹೋಗತ್ತೆ, ಯಾಕಂದ್ರೆ ಹತ್ತಿರದ್ದು ನೋಡ್ಬೇಕಾದ್ರೆ ಎರಡೂ ಬೇಕು, ಅವೆರಡನ್ನೂ ಒಟ್ಟಿಗೇ ಕಟ್ಟಿ ಇಟ್ಟಿದೆ. ಪ್ಲಸ್ 4 ಇರೋರು ದೂರದ ಮರ ನೋಡೋಕೆ ಮಾಡೋ ಫೋಕಸ್ಸು, ಮಾಮೂಲಿ ಕಣ್ಣಿನೋರು 25 ಸೆಂಟಿಮೀಟರ್ ದೂರದ ಪುಸ್ತಕ ನೋಡೋಕೆ ಮಾಡೋ ಫೋಕಸ್ಸು, ಎರಡೂ ಒಂದೇ. ಅಂದ್ರೆ ಮರ ಅಲ್ಲೆಲ್ಲೋ ಇದೆ, ಕಣ್ಣುಗಳು ಒಂದು ಗೇಣಿನ ಲೆಕ್ಕದಲ್ಲಿ ಕೂಡಿಕೊಂಡಿವೆ. ಪ್ಲಸ್ ಇರೋರಿಗೆಲ್ಲ ಹೀಗಾಗಲ್ಲ, ಕೆಲವರ ಕಣ್ಣಿಗೆ ಹೊರಗೆ ತಡೆದು ಹಿಡಿಯೋ ಶಕ್ತಿ ಇರತ್ತೆ. ನಂಗಿರ್ಲಿಲ್ಲ.

ಹಾಗಾಗಿ ಇಲ್ಲಿ ಸ್ನಾಯು ಕೆಟ್ಟಿಲ್ಲ, ನರ ಕೆಟ್ಟಿಲ್ಲ. ಮೆದುಳು ಸರಿಯಾಗೇ ಕೆಲಸ ಮಾಡ್ತಿದೆ, ಅತಿ ವಿಧೇಯವಾಗಿ ಮಾಡ್ತಿದೆ ಅಂತಾನೇ ಹೇಳ್ಬಹುದು. ಇದನ್ನ ಮೊದಲು ಬಿಡಿಸಿ ಹೇಳಿದ್ದು ಡಚ್ ವೈದ್ಯ ಡಾಂಡರ್ಸ್, 1864ರ ತನ್ನ ಪುಸ್ತಕದಲ್ಲಿ. ಆದ್ರೆ ಅದಕ್ಕೆ 25 ವರ್ಷ ಮೊದಲೇ, 1839ರಲ್ಲಿ, ಬರ್ಲಿನ್‌ನಲ್ಲಿ ಡೀಫೆನ್‌ಬಾಖ್ ಅನ್ನೋ ಸರ್ಜನ್ ಮೆಳ್ಳೆಗಣ್ಣಿಗೆ ಸ್ನಾಯು ಕುಯ್ಯೋ ಆಪರೇಷನ್ ಶುರು ಮಾಡಿಯಾಗಿತ್ತು. ಕಾರಣ ಗೊತ್ತಾಗೋಕೆ ಮುಂಚೆ ಕತ್ತಿ ಬಂದಿತ್ತು ಅಂದ್ಕೊಳ್ಳಿ. ಬೇರೆ ಥರದ ಮೆಳ್ಳೆಗಣ್ಣಿಗೆ ಆ ಆಪರೇಷನ್ ಇವತ್ತಿಗೂ ಸರಿಯಾದ ದಾರಿ, ಎಷ್ಟೋ ಜನಕ್ಕೆ ಅದೊಂದೇ ದಾರಿ. ಆದ್ರೆ ನನ್ನಂಥ ಕಣ್ಣಿಗೆ, ಕನ್ನಡಕ ಹಾಕಿದ್ರೆ ನೆಟ್ಟಗೇ ಇರೋ ಕಣ್ಣಿಗೆ, ಸ್ನಾಯು ಕುಯ್ದು ಸಡಿಲ ಮಾಡಿದ್ರೆ ಕನ್ನಡಕ ಹಾಕಿದ ತಕ್ಷಣ ಅದು ಹೊರಗೆ ಹೋಗಿ ಕೂರೋ ಸಾಧ್ಯತೆ ಇರತ್ತೆ. ಒಳಮೆಳ್ಳೆ ಹೋಗಿ ಹೊರಮೆಳ್ಳೆ. ಅದಕ್ಕೇ ಇಂಥವರಿಗೆ ಕನ್ನಡಕಾನೇ ಔಷಧಿ, ನೋಡೋಕೆ ಅಂತ ಕೊಟ್ಟಿದ್ದಲ್ಲ ಅದು, ಫೋಕಸ್ ಮಾಡೋ ಕೆಲಸವನ್ನ ಕಣ್ಣಿನಿಂದ ಕಿತ್ಕೊಳ್ಳೋಕೆ ಕೊಟ್ಟಿದ್ದು.

ಇಷ್ಟು ಅರ್ಥ ಆದ್ರೆ ಲೇಸರ್ ಎಲ್ಲಿ ಬರತ್ತೆ ಅನ್ನೋದು ತಾನಾಗೇ ಗೊತ್ತಾಗತ್ತೆ. ಕನ್ನಡಕ ಮಾಡೋ ಕೆಲಸವನ್ನ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರದ ಮೇಲೇ ಕೆತ್ತಿಬಿಟ್ರೆ ಫೋಕಸ್ಸಿನ ಹೊರೆ ಇಳಿಯತ್ತೆ, ಹೊರೆ ಇಳಿದ್ರೆ ಒಳಗೆ ತಿರುಗು ಅನ್ನೋ ಆರ್ಡರ್ ಹೋಗಲ್ಲ. ಲೇಸರ್ ಕಣ್ಣನ್ನ ನೆಟ್ಟಗೆ ಮಾಡಲ್ಲ. ಓರೆಯಾಗೋಕೆ ಇದ್ದ ಕಾರಣವನ್ನ ತೆಗೆಯತ್ತೆ, ಅದೂ ಆ ಕಾರಣ ಪೂರ್ತಿ ಪವರ್ರೇ ಆಗಿದ್ರೆ ಮಾತ್ರ.

ಬಚ್ಚಿಟ್ಟಿದ್ದ ಪವರ್

ಇಪ್ಪತ್ತಾರನೇ ವಯಸ್ಸಲ್ಲಿ ಮೊದಲು ಒಂದು ಲೇಸರ್ ಸೆಂಟರ್‌ಗೆ ಹೋದೆ. ಹೆಸರು ಬೇಡ. ಗಲ್ಲ ಇಟ್ಟು ಕೂರ್ಸೋ ಮೆಷಿನ್ನಲ್ಲಿ ರಸ್ತೆ ಕೊನೇಲಿರೋ ಬಣ್ಣದ ಬಲೂನ್ ನೋಡಿಸಿದ್ರು, ಚೀಟಿ ಬಂತು, ಪ್ಲಸ್ 2.75. "ಇದು ಸಣ್ಣ ಪವರ್ ಮೇಡಂ, ಆರಾಮಾಗಿ ತೆಗೀಬಹುದು." ಮೆಳ್ಳೆಗಣ್ಣಿನ ಬಗ್ಗೆ ಕೇಳಿದೆ. "ಪವರ್ ಹೋದ್ರೆ ಅದೂ ಹೋಗತ್ತೆ." ಡೇಟ್ ಯಾವಾಗ ಅಂತ ಅವರೇ ಕೇಳಿದ್ರು. ನಾನಾಗ ಹಾಕ್ತಿದ್ದ ಕನ್ನಡಕವೇ ಪ್ಲಸ್ 3.5. ಮೆಷಿನ್ ಯಾಕೆ ಕಡಿಮೆ ತೋರಿಸ್ತು ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ, ಪವರ್ ಕಡಿಮೆಯಾಗಿದೆ ಅನ್ನೋ ಖುಷೀಲೇ ಆಚೆ ಬಂದೆ. ಮೂರು ದಿನ ಆ ಖುಷೀಲೇ ಇದ್ದೆ.

ಪುಣ್ಯಕ್ಕೆ ಚಿಕ್ಕೋಳಿದ್ದಾಗ ನೋಡ್ತಿದ್ದ ಸ್ಕ್ವಿಂಟ್ (ಮೆಳ್ಳೆಗಣ್ಣಿನ) ಡಾಕ್ಟರ್ ಇನ್ನೂ ಪ್ರಾಕ್ಟೀಸ್ ಮಾಡ್ತಿದ್ರು. ಆ ಚೀಟಿ ತೋರಿಸಿದ್ರೆ ಅದನ್ನ ಮಡಚಿ ಟೇಬಲ್ ಮೂಲೇಲಿಟ್ಟು, ಡ್ರಾಪ್ಸ್ ಹಾಕೋಕೆ ಹೇಳಿದ್ರು. ಉರಿ ಅಂದ್ರೆ ಉರಿ. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಸಲ, ಆಮೇಲೆ ಕಣ್ಣುಮುಚ್ಚಿ ಕೂರಿ ಅಂದ್ರು. ಮುಕ್ಕಾಲು ಗಂಟೆ ಆದ್ಮೇಲೆ ಫೋನ್ ತೆಗೆದ್ರೆ ಒಂದಕ್ಷರ ಕಾಣಲ್ಲ, ಎಷ್ಟು ಬಿಗಿ ಮಾಡಿದ್ರೂ ಕಣ್ಣು ಮಾತೇ ಕೇಳಲ್ಲ, ನನ್ನ ಕೈಯಿಂದ ಯಾರೋ ಏನನ್ನೋ ಕಸ್ಕೊಂಡ ಹಾಗೆ. ಆಗ ಪರೀಕ್ಷೆ ಮಾಡಿದ್ರೆ ಬಂದಿದ್ದು ಪ್ಲಸ್ 4.25. ಫೋಕಸ್ ಮಾಡೋ ಸ್ನಾಯುವನ್ನ ಡ್ರಾಪ್ಸ್ ಮಲಗಿಸಿದ ಮೇಲೆ ಅದು ಇಷ್ಟು ವರ್ಷ ಬಚ್ಚಿಟ್ಕೊಂಡಿದ್ದ ಪವರ್ ಎಲ್ಲ ಹೊರಗೆ ಬಿತ್ತು. ಡಾಕ್ಟರ್ ಹೇಳಿದ್ದು ಇಷ್ಟೇ, ಅವರು 2.75 ತೆಗೆದಿದ್ರೆ ಒಂದೂವರೆ ಉಳೀತಿತ್ತು, ಆ ಒಂದೂವರೆಗೆ ಕಣ್ಣು ಒಳಗೆ ಬರ್ತಿತ್ತು, ಆಗ ಲೇಸರ್ ಆದ ಕಣ್ಣಿನ ಮೇಲೆ ಮತ್ತೆ ಕನ್ನಡಕ. ನನಗೆ ಅವತ್ತು ಬೆನ್ನಲ್ಲಿ ಸಣ್ಣಗೆ ಬೆವರಿತ್ತು. ಪ್ಲಸ್ ಪವರ್ ಇರೋ, ಕಣ್ಣು ಓಡೋ ಯಾರಿಗೇ ಆಗ್ಲಿ ಡ್ರಾಪ್ಸ್ ಹಾಕದೆ ಲೇಸರ್ ಡೇಟ್ ಕೊಟ್ರೆ ಆ ಬಾಗಿಲಿಂದ ಎದ್ದು ಬನ್ನಿ, ಇದೊಂದು ಮಾತು ನಾನು ಯಾರಿಗೆ ಬೇಕಾದ್ರೂ ಧೈರ್ಯವಾಗಿ ಹೇಳ್ತೀನಿ.

ಅವತ್ತೇ ಅಲ್ಲ, ಡ್ರಾಪ್ಸಿನ ಪ್ರಭಾವ ಇಳಿದ ಮೇಲೆ ಇನ್ನೊಂದು ದಿನ ಕರೆಸಿ ಬಾಕಿ ಟೆಸ್ಟ್ ಮಾಡಿದ್ರು. ಒಂದು ಕಣ್ಣು ಮುಚ್ಚಿ ತೆಗೆದು, ಮುಚ್ಚಿ ತೆಗೆದು, ಗಾಜಿನ ಪಟ್ಟಿ ಕಣ್ಣ ಮುಂದೆ ಮೇಲೆ ಕೆಳಗೆ ಜಾರಿಸ್ತಾ. ಕನ್ನಡಕ ಹಾಕಿದ್ರೆ ಓರೆ ಸೊನ್ನೆ, ತೆಗೆದ್ರೆ 30 ಪ್ರಿಸಂ, ಓರೆ ಅಳೆಯೋ ಲೆಕ್ಕ ಅದು. ಆ ಸೊನ್ನೆಯೇ ಮುಖ್ಯ ಅಂದ್ರು. ಕನ್ನಡಕ ಹಾಕಿದ ಮೇಲೂ ಸ್ವಲ್ಪ ಓರೆ ಉಳಿಯೋರಿಗೆ ಲೇಸರ್ ಆ ಉಳಿದಿದ್ದನ್ನ ಮುಟ್ಟೋದೇ ಇಲ್ಲವಂತೆ.

ಆಮೇಲೆ ನೊಣದ ಪುಸ್ತಕ. ಈ ಟೆಸ್ಟ್ ಮಾಡಿಸ್ಕೊಂಡವರಿಗೆ ಗೊತ್ತಿರತ್ತೆ, ತಂಪು ಕನ್ನಡಕದ ಥರದ್ದು ಒಂದನ್ನ ಹಾಕಿ, ಪುಟದ ತುಂಬ ಇರೋ ದೊಡ್ಡ ನೊಣದ ರೆಕ್ಕೆ ಹಿಡಿಯಿರಿ ಅಂತಾರೆ. ಎರಡೂ ಕಣ್ಣನ್ನ ಮೆದುಳು ಒಟ್ಟಿಗೆ ಬಳಸ್ತಿದ್ರೆ ರೆಕ್ಕೆ ಪುಟದಿಂದ ಮೇಲೆ ಎದ್ದ ಹಾಗೆ ಕಾಣತ್ತೆ, ಬೆರಳು ಗಾಳೀಲೇ ಮುಚ್ಕೊಳ್ಳತ್ತೆ. ಒಂದು ಕಣ್ಣನ್ನ ಮೆದುಳು ಕೈಬಿಟ್ಟಿದ್ರೆ ಅದು ಬರೀ ಚಿತ್ರ, ಬೆರಳು ಹೋಗಿ ಕಾಗದಕ್ಕೆ ತಾಗತ್ತೆ. ನನ್ನ ಬೆರಳು ಕಾಗದಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೇ ನಿಂತ್ವು, ರೋಮ ರೋಮದ ನೊಣ, ಮುಟ್ಟೋಕೇ ಅಸಹ್ಯ. ಡಾಕ್ಟರ್ ನಕ್ಕು ಹೇಳಿದ್ರು, "ಈ ನೊಣಾನ ಯಾವ ಲೇಸರ್ರೂ ಕೊಡಲ್ಲಮ್ಮ. ನಾಲ್ಕನೇ ವರ್ಷದಲ್ಲಿ ನಿಮಗೆ ದಿನಾ ಅಳಿಸಿ ಅಳಿಸಿ ಕನ್ನಡಕ ಹಾಕಿದ್ರಲ್ಲ, ಅವರು ಕೊಟ್ಟಿದ್ದು."

ಅಮ್ಮ ಅದಕ್ಕೆ ಒಂದೂವರೆ ವರ್ಷ ಮೊದಲೇ ಹೋಗಿದ್ರು. ಆಚೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಕನ್ನಡಿ

ಲೇಸರ್‌ಗೆ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿ, ಪೂರ್ತಿ ಪವರ್ರಿಂದು, ಒಂದು ತಿಂಗಳು ಅಂದ್ರು. ಲೆನ್ಸಲ್ಲಿ ಕಣ್ಣು ನೆಟ್ಟಗೆ ನಿಲ್ಲಲಿಲ್ಲ ಅಂದ್ರೆ ಲೇಸರಲ್ಲೂ ನಿಲ್ಲಲ್ಲ, ಆದ್ರೆ ಲೆನ್ಸ್ ತೆಗೆದು ಬಿಸಾಕ್ಬಹುದು, ಲೇಸರ್ ವಾಪಸ್ ಬರಲ್ಲ. ಎಷ್ಟು ಸರಳವಾದ ಮಾತು, ಮೊದಲ ಸೆಂಟರ್‌ನಲ್ಲಿ ಯಾರ ಬಾಯಲ್ಲೂ ಬಂದಿರ್ಲಿಲ್ಲ.

ಮೊದಲ ಸಲ ಲೆನ್ಸ್ ಹಾಕೋಕೆ ನಲವತ್ತು ನಿಮಿಷ ಆಯ್ತು, ಕಣ್ಣು ಕೆಂಪಾಗಿ, ಮೂಗು ಸೋರಿ, ಎರಡು ಲೆನ್ಸ್ ನೆಲಕ್ಕೆ ಬಿದ್ದು. ಕೊನೆಗೂ ಎರಡೂ ಕೂತ್ವು. ಬಚ್ಚಲುಮನೆ ಕನ್ನಡಿಗೆ ಮುಖ ಹತ್ರ ತಂದೆ, ಕಣ್ಣೀರು ಒರೆಸ್ಕೊಂಡೆ, ನೋಡಿದೆ. ಅಲ್ಲಿ ಒಬ್ಬಳು ನನ್ನನ್ನೇ ನೋಡ್ತಿದ್ಲು, ಎರಡೂ ಕಣ್ಣಲ್ಲಿ. ಕನ್ನಡಕ ಇಲ್ಲ, ಮಸುಕೂ ಇಲ್ಲ, ರೆಪ್ಪೆ ಕೂದಲು ಒಂದೊಂದೂ ಕಾಣ್ತಿದೆ, ಕಣ್ಣು ಅಲ್ಲಾಡ್ತಿಲ್ಲ. ಇಪ್ಪತ್ತಾರು ವರ್ಷಕ್ಕೆ ನನ್ನ ಮುಖ ನಂಗೆ ಮೊದಲ ಸಲ ಸಿಕ್ಕಿದ್ದು ಹೀಗೆ, ಮೂಗು ಸೋರಿಸ್ಕೊಂಡು. ಏನೂ ದೊಡ್ಡದಾಗಿ ಅನಿಸ್ಲಿಲ್ಲ ಆ ಕ್ಷಣಕ್ಕೆ. ಅಂದ್ಕೊಂಡಷ್ಟು ಚೆನ್ನಾಗೇನಿಲ್ಲ ಅಂತ ಅನಿಸ್ತು, ಮೂಗಿನ ಎರಡೂ ಕಡೆ ಕನ್ನಡಕದ ಗುಳಿ. ಆಮೇಲೆ ಸುಮ್ನೆ ಎಡಗಣ್ಣನ್ನೇ ನೋಡ್ತಾ ನಿಂತೆ, ಈಗ ಓಡತ್ತೆ, ಈಗ ಓಡತ್ತೆ ಅಂತ. ಓಡ್ಲಿಲ್ಲ.

ಮೊದಲ ವಾರ ದೂರದ್ದೆಲ್ಲ ಮಸುಕು, ಯಾಕಂದ್ರೆ ಬಚ್ಚಿಟ್ಟ ಪವರ್ರನ್ನ ಬಿಟ್ಟುಕೊಡೋಕೆ ಕಣ್ಣಿನ ಸ್ನಾಯು ಒಪ್ಪಲ್ಲ, ಜೀವಮಾನವಿಡೀ ಬಿಗಿ ಹಿಡಿದಿದ್ದು ಒಂದೇ ದಿನಕ್ಕೆ ಸಡಿಲ ಬಿಡು ಅಂದ್ರೆ ಹೇಗೆ. ಎರಡನೇ ವಾರಕ್ಕೆ ಸರಿಹೋಯ್ತು. ಇಲ್ಲದ ಕನ್ನಡಕವನ್ನ ಮೂಗಿನ ಮೇಲೆ ತಳ್ಳೋದು ಮಾತ್ರ ಹೋಗ್ಲಿಲ್ಲ, ಲೇಸರ್ ಆಗಿ ಎರಡು ವರ್ಷದವರೆಗೂ ಬೆರಳು ತಾನಾಗೇ ಹೋಗ್ತಿತ್ತು.

ಹೀಗಾಗಿ ಲೇಸರ್ ದಿನದ ಬಗ್ಗೆ ಹೇಳೋಕೆ ಅಂಥದ್ದೇನಿಲ್ಲ. ಆಗ ನನಗೆ ಇಪ್ಪತ್ತೇಳು. ಕಣ್ಣು ಮುಚ್ಚದ ಹಾಗೆ ಕ್ಲಿಪ್ಪು, ಒಂದು ಒತ್ತಡ, ಕೆಲವು ಸೆಕೆಂಡ್ ಕತ್ತಲೆ, ಆಮೇಲೆ ಫ್ಲಾಪ್, ಅಂದ್ರೆ ಕಾರ್ನಿಯಾದ ಮೇಲೆ ಕತ್ತರಿಸಿದ ತೆಳು ಪದರ, ಎತ್ತಿದಾಗ ಎದುರಿನ ದೀಪ ಕಲಸಿಹೋಗೋದು, ಟಕಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ವಾಸನೆ ಬಂದರೂ ಅಲ್ಲಿ ಸುಡ್ತಿರಲ್ಲ, ಅದೇ ಇದರ ವಿಶೇಷ. 193 ನ್ಯಾನೊಮೀಟರಿನ ಆ ಎಕ್ಸೈಮರ್ ಲೇಸರ್ ಸುತ್ತಮುತ್ತ ಬಿಸಿ ತಾಗದ ಹಾಗೆ ಅಂಗಾಂಶವನ್ನ ಪದರ ಪದರವಾಗಿ ಎಬ್ಬಿಸತ್ತೆ ಅಂತ 1981ರಲ್ಲಿ ಐಬಿಎಂನಲ್ಲಿ ಕಂಡ್ಕೊಂಡ ಮೂವರಲ್ಲಿ ಒಬ್ಬರು ರಂಗಸ್ವಾಮಿ ಶ್ರೀನಿವಾಸನ್, ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ ಪ್ರಯೋಗ ಮಾಡಿದ್ರು. ಅದನ್ನ ಕಣ್ಣಿಗೆ ತಂದಿದ್ದು ಆಮೇಲಿನ ವರ್ಷಗಳಲ್ಲಿ. ಟೇಬಲ್ ಮೇಲೆ ಮಲಗಿದ್ದಾಗ ಈ ಕೋಳಿ ಕಥೆ ಗೊತ್ತಿರ್ಲಿಲ್ಲ, ಗೊತ್ತಿದ್ದಿದ್ರೆ ನಗು ಬಂದು ಕಣ್ಣು ಅಲ್ಲಾಡ್ತಿತ್ತೋ ಏನೋ.

ಮೈನಸ್ ಪವರ್‌ಗೂ ಪ್ಲಸ್ಸಿಗೂ ಕೆತ್ತನೆ ಬೇರೆ ಅನ್ನೋದು ಹೇಳ್ಲೇಬೇಕು. ಮೈನಸ್ ಆದ್ರೆ ಕಾರ್ನಿಯಾದ ನಡುವನ್ನ ತೆಳ್ಳಗೆ ಮಾಡಿ ಚಪ್ಪಟೆ ಮಾಡ್ತಾರೆ. ಪ್ಲಸ್ಸಿಗೆ ನಡು ಉಬ್ಬಬೇಕು, ಉಬ್ಬಿಸೋಕೆ ಸೇರಿಸೋದು ಏನೂ ಇಲ್ಲ, ಹಾಗಾಗಿ ಸುತ್ತ ತೆಗೀತಾರೆ, ಗಿಡದ ಬುಡಕ್ಕೆ ಪಾತಿ ತೆಗೆದ ಹಾಗೆ. ಆದ್ರೆ ಪಾತಿ ಅಂದ್ಮೇಲೆ ಗೊತ್ತಲ್ಲ, ಕಾಲಕ್ರಮೇಣ ತುಂಬ್ಕೊಳ್ಳತ್ತೆ. ಕಾರ್ನಿಯಾದ ಮೇಲ್ಪದರ ಆ ತಗ್ಗಲ್ಲಿ ದಪ್ಪವಾಗಿ ಬೆಳೆದು ಒಂದಿಷ್ಟನ್ನ ಸಮ ಮಾಡಿಬಿಡತ್ತೆ, ಪವರ್ ಸ್ವಲ್ಪ ವಾಪಸ್ ಬರತ್ತೆ. ಅದಕ್ಕೇ ಪ್ಲಸ್ ಜಾಸ್ತಿ ಇದ್ದಷ್ಟೂ ಸರ್ಜನ್‌ಗಳು ಹಿಂದೆ ಸರೀತಾರೆ, ಕೆಲವು ಮೆಷಿನ್‌ಗಳಿಗೆ ಪ್ಲಸ್ 6ರವರೆಗೂ ಅನುಮತಿ ಇದ್ರೂ 4 ದಾಟಿದ್ರೆ ಯೋಚ್ನೆ ಮಾಡೋರೇ ಜಾಸ್ತಿ. ನಾನು ಗಡಿಯಲ್ಲಿದ್ದೆ.

ಕೇಳೋರಿಗೆಲ್ಲ ಹೂಂ ಅನ್ನೋಕಾಗಲ್ಲ

ನನ್ನ ವಿಷಯ ಗೊತ್ತಾದ ಮೇಲೆ ಎಷ್ಟೋ ಜನ ಕೇಳಿದಾರೆ, ನಮ್ಮ ಹುಡುಗನಿಗೂ ಮಾಡಿಸ್ಬಹುದಾ ಅಂತ. ಹುಟ್ಟಿ ಕೆಲವೇ ತಿಂಗಳಿಗೆ ಕಣ್ಣು ಓರೆಯಾದ ಮಗು, ನರ ಸೋತು ಓರೆಯಾದ ಹಿರಿಯರು, ಓರೆ ಸರಿದೂಗಿಸೋಕೆ ಕನ್ನಡಕಕ್ಕೆ ಪ್ರಿಸಂ ಗಾಜು ಹಾಕಿಸ್ಕೊಂಡೋರು, ಎಲ್ಲರೂ ಕೇಳ್ತಾರೆ, ಎಲ್ಲರ ಕಣ್ಣೂ ಹೊರಗಿಂದ ಒಂದೇ ಥರ ಕಾಣತ್ತೆ. ಒಬ್ಬ ಸಹೋದ್ಯೋಗಿ ಮೈನಸ್ ಪವರ್ ಇರೋರು, ಅವರ ಕಣ್ಣು ಆಗಾಗ ಹೊರಗೆ ಹೋಗೋದು, ನನಗಿಂತ ಉಲ್ಟಾ. ಅವರ ಕನ್ನಡಕದಲ್ಲಿ ಮೈನಸ್ ಬೇಕಂತಲೇ ಸ್ವಲ್ಪ ಜಾಸ್ತಿ ಇತ್ತು, ಆ ಜಾಸ್ತಿಗೆ ಕಣ್ಣು ಫೋಕಸ್ ಮಾಡ್ಬೇಕು, ಫೋಕಸ್ ಮಾಡಿದ್ರೆ ಒಳಗೆ ಬರತ್ತೆ, ಹಾಗೆ ಹೊರಗೆ ಹೋಗೋದನ್ನ ಹಿಡಿದಿಟ್ಟಿದ್ರು. ಲೇಸರ್ ಮಾಡೋವಾಗ ಪವರ್ ಕರಾರುವಾಕ್ಕಾಗಿ ಸೊನ್ನೆ ಮಾಡಿದ್ರು. ಪವರ್ ಲೆಕ್ಕದಲ್ಲಿ ಆಪರೇಷನ್ ನೂರಕ್ಕೆ ನೂರು. ಎರಡು ತಿಂಗಳಿಗೆ ಅವರು ಮೀಟಿಂಗಲ್ಲಿ ಒಂದು ಕಣ್ಣು ಮುಚ್ಕೊಂಡು ಸ್ಕ್ರೀನ್ ನೋಡೋಕೆ ಶುರು ಮಾಡಿದ್ರು, ಎಲ್ಲ ಎರಡೆರಡು. ಇಂಥದ್ದು ಆಗತ್ತೆ ಅಂತ ಕುಶ್ನರ್ ಮತ್ತೆ ಕೋವಾಲ್ ಅನ್ನೋ ಇಬ್ಬರು ಸ್ಕ್ವಿಂಟ್ ತಜ್ಞರು 2003ರಲ್ಲೇ ವಿವರವಾಗಿ ಬರೆದಿದಾರೆ. ಹಳೇ ಕನ್ನಡಕದಲ್ಲಿ ಪ್ರಿಸಂ ಇತ್ತಾ, ಒಂದು ಕಣ್ಣು ದೂರಕ್ಕೆ ಇನ್ನೊಂದು ಹತ್ತಿರಕ್ಕೆ ಅಂತ ಹೊಂದಿಸಿದ್ರಾ, ಓರೆ ಇರೋರ ಫೋಕಸ್ ಲೆಕ್ಕ ತಪ್ಪಿತಾ, ಹೀಗೆ ಮೊದಲೇ ಕೇಳಿದ್ರೆ ಸಿಗೋ ಕಾರಣಗಳೇ ಅದರಲ್ಲಿ ಹೆಚ್ಚು. ಕೇಳೋಕೆ ಅರ್ಧ ಗಂಟೆ ಬೇಕು ಅಷ್ಟೇ. (ಆ ಅರ್ಧ ಗಂಟೆ ಯಾರ ಹತ್ರಾನೂ ಇರಲ್ಲ.)

ಇನ್ನು ನನ್ನ ಕಥೆ. ಒಂಬತ್ತು ವರ್ಷ ಆಯ್ತು. ಪಾತಿ ತುಂಬ್ಕೊಂಡಿದೆ, ಪೂರ್ತಿ ಅಲ್ಲ, ಪ್ಲಸ್ 1ರ ಹತ್ರ ಬಂದಿದೆ. ಹಗಲು ಗೊತ್ತಾಗಲ್ಲ. ರಾತ್ರಿ ಹತ್ತರ ಮೇಲೆ, ದಿನವಿಡೀ ಸ್ಕ್ರೀನ್ ನೋಡಿ ಸೋತಿದ್ದಾಗ, ಎಡಗಣ್ಣು ತನ್ನ ಹಳೇ ಜಾಗಕ್ಕೆ ಮೆಲ್ಲಗೆ ಹೊರಡತ್ತೆ. ಗಂಡ ಏನೂ ಹೇಳಲ್ಲ, "ಮಲ್ಕೋ ಸಾಕು" ಅಂತಾರೆ, ಅಷ್ಟರಲ್ಲೇ ನಂಗೆ ಗೊತ್ತಾಗತ್ತೆ. ಓದೋಕೆ ಅಂತ ಒಂದು ತೆಳು ಕನ್ನಡಕ ಬಂದಿದೆ. ನಲವತ್ತು ದಾಟಿದ್ರೆ ಎಲ್ಲರ ಹಾಗೆ ಲೆನ್ಸ್ ಗಟ್ಟಿಯಾಗತ್ತೆ, ನಂಗೆ ಸ್ವಲ್ಪ ಮೊದಲೇ ತ್ರಾಸ ಕೊಡಬಹುದು. ಮಾಡಿಸಿದ್ದಕ್ಕೆ ಬೇಜಾರಿದೆಯಾ ಅಂದ್ರೆ ಇಲ್ಲ, ಒಂದು ದಿನಾನೂ ಅನಿಸಿಲ್ಲ. ಬೆಳಿಗ್ಗೆ ಎದ್ದು ಕಣ್ಣು ಬಿಟ್ಟಾಗ ಏನನ್ನೂ ಆರಿಸ್ಕೊಳ್ಳದೆ ಎದುರಿರೋ ಮುಖ ನೋಡೋದಿದೆಯಲ್ಲ, ಅದಕ್ಕೆ ಇನ್ನೊಂದು ಸಲ ಬೇಕಾದ್ರೂ ಆ ಟೇಬಲ್ ಮೇಲೆ ಮಲಗ್ತೀನಿ. ಆದ್ರೆ ಸರಿಹೋಯ್ತಾ ಅಂತ ಕೇಳಿದ್ರೆ ಬಾಯಿ ಬರಲ್ಲ. ಆ ಓರೆ ಎಲ್ಲೂ ಹೋಗಿಲ್ಲ, ಅದಕ್ಕೆ ಕೆಲಸ ಸಿಗ್ತಿಲ್ಲ.

ತಂಗಿಗೆ

ಭಾನುವಾರ ನಾನೇ ಫೋನ್ ಮಾಡಿದೆ. ಅವತ್ತು ಹೂಂ ಅಂದಿದ್ದು ಅರ್ಧ ಕಣೇ ಅಂದೆ. ಅವಳಿಗೆ ಸಿಟ್ಟು ಬಂತು, "ಅಂದ್ರೆ ಏನಕ್ಕ, ನಿಂಗೆ ಆಗಿದ್ದು ಅವಳಿಗೆ ಆಗ್ಬಾರ್ದಾ?" ಅಂದ್ಲು. ಆಗ್ಬಹುದು, ಇಪ್ಪತ್ತು ದಾಟಿ ಪವರ್ ನಿಂತ ಮೇಲೆ, ಆಗ ಎಷ್ಟಿರತ್ತೋ ನೋಡಿ. ಪ್ಲಸ್ ಪವರ್ ಆರೇಳು ವರ್ಷದವರೆಗೆ ಏರಬಹುದು, ಆಮೇಲೆ ಇಳಿಯೋಕೆ ಶುರುವಾಗಬಹುದು, ಕೆಲವು ಮಕ್ಕಳಿಗೆ ಕನ್ನಡಕಾನೇ ಬೇಕಾಗದೆ ಹೋಗತ್ತೆ, ಕೆಲವರಿಗೆ ನನ್ನ ಹಾಗೆ ಉಳಿಯತ್ತೆ. ಅದನ್ನ ಈಗಲೇ ಹೇಳೋಕಾಗಲ್ಲ, ಹೇಳೋ ಅವಶ್ಯಕತೇನೂ ಇಲ್ಲ. ಈಗಿನ ಕೆಲಸ ಬೇರೆ. ಈ ನಾಲ್ಕೈದು ವರ್ಷದಲ್ಲಿ ಅವಳ ಮೆದುಳು ಎರಡೂ ಕಣ್ಣನ್ನ ಒಟ್ಟಿಗೆ ಬಳಸೋದು ಕಲೀಬೇಕು, ಕಣ್ಣು ಓರೆ ಇದ್ರೆ ಕಲಿಯಲ್ಲ, ಒಂದನ್ನ ಕೈಬಿಟ್ಟುಬಿಡತ್ತೆ, ಆಮೇಲೆ ಇಪ್ಪತ್ತನೇ ವಯಸ್ಸಲ್ಲಿ ಎಂಥಾ ಲೇಸರ್ ತಂದ್ರೂ ಅದು ವಾಪಸ್ ಬರೋ ಭರವಸೆ ಇಲ್ಲ. ನೊಣದ ಕಥೆ ಹೇಳಿದೆ. ಡಾಕ್ಟರ್ ಏನಂದ್ರು ಅನ್ನೋದನ್ನೂ. ಅಮ್ಮನ ಮಾತು ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ನಾದ್ವಿ.

"ಕಿತ್ತು ಬಿಸಾಕ್ತಾಳೆ ಅಕ್ಕ, ದಿನಕ್ಕೆ ಇಪ್ಪತ್ತು ಸಲ."

"ನಾನು ಹಾಸಿಗೆ ಕೆಳಗೆ ಬಚ್ಚಿಡ್ತಿದ್ದೆ, ಗೊತ್ತಾ?"

"ಗೊತ್ತು. ಹುಡುಕಿ ಕೊಡ್ತಿದ್ದಿದ್ದೇ ನಾನು."

ಇನ್ನೊಂದೇ ಒಂದು ಹೇಳಿದೆ, ಕನ್ನಡಕ ತೆಗೆದಾಗ ನೆಟ್ಟಗೆ ನೋಡು ಅಂತ ಮಾತ್ರ ಹೇಳ್ಬೇಡ. ಯಾಕೆ ಅಂತ ಅವಳು ಕೇಳ್ಲಿಲ್ಲ. ಮಂಚದ ಮೇಲೆ ಎದುರು ಕೂತಿದ್ದೋಳು ಅವಳೇ ಅಲ್ವಾ.

ನನಗೆ ಒಂದು ಚಾಳಿ ಇದೆ. ಯಾರದ್ದೇ ಮುಖದ ಫೋಟೋ ಬಂದ್ರೂ ಬೆರಳಲ್ಲಿ ದೊಡ್ಡದು ಮಾಡಿ ಎರಡೂ ಕಣ್ಣಿನ ಪಾಪೆ ಮೇಲಿರೋ ಬಿಳಿ ಚುಕ್ಕಿ ನೋಡ್ತೀನಿ. ಎರಡರಲ್ಲೂ ಒಂದೇ ಜಾಗದಲ್ಲಿದ್ರೆ ಕಣ್ಣು ನೆಟ್ಟಗಿದೆ ಅಂತ. ಕಣ್ಣಿನ ಡಾಕ್ಟರುಗಳು ಟಾರ್ಚ್ ಹಿಡಿದು ನೋಡೋದೂ ಇದನ್ನೇ, ಚುಕ್ಕಿ ಒಂದು ಮಿಲಿಮೀಟರ್ ಜರುಗಿದ್ರೆ ಸುಮಾರು 7 ಡಿಗ್ರಿ ಓರೆ ಅಂತ ಲೆಕ್ಕ. ನಿನ್ನೆ ಸಂಜೆ ತಂಗಿ ಮಗಳ ಫೋಟೋ ಕಳಿಸಿದ್ಲು. ಕೆಂಪು ಫ್ರೇಮು, ಕಿವಿ ಹಿಂದೆ ಎಲಾಸ್ಟಿಕ್, ಒಂದು ಕೈಯಲ್ಲಿ ಫ್ರೇಮ್ ಹಿಡ್ಕೊಂಡು, ಕಿತ್ತುಹಾಕೋಕೆ ಒಂದು ಸೆಕೆಂಡ್ ಮೊದಲಿನ ನಗು. ಕೆಳಗೆ, "ದೊಡ್ಡಮ್ಮಂಗೆ ತೋರಿಸ್ಬೇಕಂತೆ." ದೊಡ್ಡದು ಮಾಡಿದೆ. ಬಲಗಣ್ಣಿನ ಚುಕ್ಕಿ ಸರಿಯಾಗಿ ನಡುವಲ್ಲಿತ್ತು. ಎಡಗಡೆ ಗ್ಲಾಸಿನ ಮೇಲೆ ಕಿಟಕಿ ಬೆಳಕು ಹೊಡೆದು ಬರೀ ಬಿಳಿ, ಕಣ್ಣೇ ಕಾಣ್ತಿರ್ಲಿಲ್ಲ. ಗ್ಲಾಸ್ ತೆಗ್ಸಿ ಒಂದು ತೆಗಿಯೇ ಅಂತ ಟೈಪ್ ಮಾಡ್ತಿದ್ದೋಳು ನಿಲ್ಲಿಸಿ, ಅಳಿಸಿ, ಫ್ರೇಮ್ ಚೆನ್ನಾಗಿದೆ ಅಂತ ಕಳಿಸ್ದೆ.